ಇರ್ದೆಯ ಬೆಂದ್ರ್



ನಮ್ಮ ವಿಟ್ಲ ಸೀಮೆಯ ತುಳು ಮನೆಗಳಲ್ಲಿ, ಸಂಜೆ ಹೊತ್ತಿಗೆ ಬಚ್ಚಲ ಹಂಡೆಯಡಿ ತೆಂಗಿನ ಮಡಲು ತುರುಕಿ ಕಾಯಿಸುವ ನೀರಿಗೆ ‘ಬೆಂದ್ರ್’ ಎನ್ನುತ್ತಾರೆ. ಹವ್ಯಕರಿಗೆ ಅದು ಬೆಶಿನೀರು. ಹಳಗನ್ನಡದ ಬೆನ್ನೀರು, ತಮಿಳಿನ ವೆನ್ನೀರು ಈ ಬೆಂದ್ರಿನ ದಾಯಾದಿಗಳು. ಪುತ್ತೂರಿನಿಂದ ಪಾಣಾಜೆ ದಾರಿಯಲ್ಲಿ ಸಿಗುವ ಇರ್ದೆಯಲ್ಲಿ, ಸೀರೆ ಹೊಳೆಯ ಬದಿಗೆ, ನೆಲದಿಂದ ಬಿಸಿನೀರು ತಾನಾಗಿ ಉಕ್ಕುವುದನ್ನು ಕಂಡ ಹಿರಿಯರು ಹೊಸ ಹೆಸರು ಹುಡುಕಲು ಹೋಗಲಿಲ್ಲ. ಬಚ್ಚಲ ಮಾತನ್ನೇ ಇಟ್ಟು, ಮುಂದೆ ತೀರ್ಥ ಎಂದು ಸೇರಿಸಿದರು. ಬೆಂದ್ರ್ ತೀರ್ಥ. ಆ ಚಿಲುಮೆಯ ಮೊದಲ ದಾಖಲೆ ಈ ಹೆಸರೇ ಎಂದು ನನ್ನ ಲೆಕ್ಕ.

ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಅಲ್ಲಿಗೆ ಹೋದಾಗ ನನಗೆ ನಿರಾಸೆಯೇ ಆಗಿತ್ತು. ಕೊತಕೊತ ಕುದಿಯುತ್ತದೆ ಎಂದುಕೊಂಡಿದ್ದೆ. ನೋಡಿದರೆ ಮೈಗೆ ಹಿತವಾದಷ್ಟೇ ಬಿಸಿ, ಸುಮಾರು 40 ಡಿಗ್ರಿ. ಅದಕ್ಕೊಂದಿಷ್ಟು ಗಂಧಕದ ವಾಸನೆ. ತುರಿಕಜ್ಜಿ ವಾಸಿಯಾಗುತ್ತದೆಂದು ಅಜ್ಜಿ ನನ್ನನ್ನು ಮೂರು ಸಲ ಮುಳುಗಿಸಿದಳು. ಮನೆಗೆ ಬಂದವಳೇ ಹಂಡೆಗೆ ಬೆಂಕಿ ಹಾಕಿದಳು. “ತೀರ್ಥ ಮಿಂದದ್ದಾಯಿತು, ಇನ್ನು ಸ್ನಾನ ಮಾಡು ಮಗಾ” ಎಂದಳು!

ಇಂಥ ಚಿಲುಮೆಗಳನ್ನು ದೇಶದುದ್ದಕ್ಕೂ ಪಟ್ಟಿ ಮಾಡಿದವರು ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್. ಅವರು ತೀರಿಕೊಂಡ ಮೇಲೆ, 1882ರಲ್ಲಿ, ಸುಮಾರು 300 ಚಿಲುಮೆಗಳ ಆ ಪಟ್ಟಿ ಅಚ್ಚಾಯಿತು. ಈ ಬಿಸಿಯಿಂದ ಕರೆಂಟು ತೆಗೆಯಬಹುದೇ ಎಂಬ ಪ್ರಶ್ನೆ ಬಂದದ್ದು ಬಹಳ ತಡವಾಗಿ. ಕೇಂದ್ರ ಸರಕಾರ ಅದಕ್ಕೊಂದು ಸಮಿತಿ ಮಾಡಿದ್ದು ಅರವತ್ತರ ದಶಕದಲ್ಲಿ. ಎಪ್ಪತ್ತರ ದಶಕದಲ್ಲಿ ಲಡಾಖಿನ ಪುಗಾ ಕಣಿವೆಯಲ್ಲಿ ಕೊಳವೆ ಕೊರೆದು ನೋಡಿದರು.

ಪುಗಾ ಇರುವುದು 4,400 ಮೀಟರ್ ಎತ್ತರದಲ್ಲಿ. ಮರವಿಲ್ಲ, ಮಳೆಯೂ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಊರಿನವರಿಗೆ ಅದು ಬೇರೆಯೇ ಲೋಕ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಚಿಲುಮೆಯ ನೀರು ಹೊರಬರುವುದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ. ಕೈ ಅದ್ದುವಂತಿಲ್ಲ. ಆದರೆ ಅದೇ ಕುದಿನೀರಿನಲ್ಲಿ ನಮ್ಮ ಕುಚ್ಚಲಕ್ಕಿ ಬೇಯಿಸಲು ಹೊರಟರೆ ಗಂಜಿಗೆ ಮಧ್ಯಾಹ್ನದವರೆಗೆ ಕಾಯಬೇಕಾದೀತು.

ಲಡಾಖಿನಲ್ಲಿ ಭಾರತದ ನೆಲ ಏಷ್ಯಾಕ್ಕೆ ಗುದ್ದಿದ ಗಡಿ ಇದೆ. ಅಡಿಯ ಬಂಡೆ ಇನ್ನೂ ಕಾದೇ ಇದೆ. ಇರ್ದೆಯಲ್ಲಿ ಅಂಥದ್ದೇನೂ ಬೇಕಿಲ್ಲ. ನಮ್ಮ ಮಳೆನೀರು ಬಂಡೆಯ ಬಿರುಕಿನಲ್ಲಿ ಇಳಿಯುತ್ತದೆ. ಕಿಲೋಮೀಟರಿಗೆ ಸುಮಾರು 25 ಡಿಗ್ರಿಯಂತೆ ಬಿಸಿ ಏರುತ್ತದೆ. ಬಾವಿಯ ನೀರು 27 ಡಿಗ್ರಿ ಎಂದಿಟ್ಟುಕೊಂಡರೆ, ಅರ್ಧ ಕಿಲೋಮೀಟರು ಇಳಿದರೂ ಲೆಕ್ಕಕ್ಕೆ ಸಾಕು. ಮೇಲೇರುವಾಗ ಒಂದಿಷ್ಟು ತಣಿಯುವುದರಿಂದ ಅದಕ್ಕಿಂತ ಆಳಕ್ಕೇ ಹೋಗಿದ್ದೀತು.

ನೀರಿನ ಆ ದಾರಿ ಮಾತ್ರ ಬಹಳ ನಾಜೂಕಿನದು, ಒಂದು ಕೊಳವೆ ಅಡ್ಡ ಬಂದರೂ ಕಡಿದುಹೋದೀತು. ಪುಗಾದಲ್ಲಿ ಕೊಳವೆ ಕೊರೆಯುವುದು ಬಿಸಿಗಾಗಿ, ನಮ್ಮಲ್ಲಿ ಅಡಿಕೆ ತೋಟದ ತಣ್ಣೀರಿಗಾಗಿ. ಅಡಿಯ ಬಿರುಕು ಯಾವ ತೋಟದ ಕೆಳಗೆ ಹಾದಿದೆ ಎಂದು ಬೋರ್‌ವೆಲ್ ಲಾರಿಯವನಿಗೂ ಗೊತ್ತಿಲ್ಲ, ತೆಂಗಿನಕಾಯಿ ಹಿಡಿದು ನೀರು ತೋರಿಸುವವನಿಗೂ ಗೊತ್ತಿಲ್ಲ.