ಆಕ್ಸಲ್ ಬೂಟು ಸೋರಿದರೆ ತಡ ಮಾಡಬೇಡಿ
(ಮಲೆನಾಡಿನ ಬೆಳೆಗಾರರಿಗಾಗಿ ನೀಡಿದ ಭಾಷಣ)



ಶೃಂಗೇರಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ಬೇಗಾರು ಮತ್ತು ಅದರ ಸುತ್ತಮುತ್ತ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಮಣ್ಣುದಾರಿ. ಗೊಬ್ಬರ ಒಳಗೆ ಬರಬೇಕಾದರೂ, ಅಡಿಕೆ ಹೊರಗೆ ಹೋಗಬೇಕಾದರೂ, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಶೃಂಗೇರಿಗೋ ಕೊಪ್ಪಕ್ಕೋ ಸಾಗಿಸಬೇಕಾದರೂ ನಾಲ್ಕೂ ಚಕ್ರ ಎಳೆಯುವ ಹಳೆಯ ಪಿಕಪ್ ಅಥವಾ ಜೀಪೇ ಗತಿ. ಹಳದಿ ಎಲೆ ರೋಗದಿಂದ ಈ ಭಾಗದ ಅಡಿಕೆ ತೋಟಗಳ ಆದಾಯ ಕುಗ್ಗಿದೆ. ಹೊಸ ಗಾಡಿ ಕೊಳ್ಳುವುದು ಬಹಳ ಮಂದಿಗೆ ಸಾಧ್ಯವಿಲ್ಲ. ಆದ್ದರಿಂದ ಇರುವ ಗಾಡಿಯನ್ನು ನೇಗಿಲು, ಪಂಪುಗಳಂತೆಯೇ ಒಂದು ಕೃಷಿ ಉಪಕರಣವೆಂದು ತಿಳಿದು ಪಾಲನೆ ಮಾಡುವುದು ಅಗತ್ಯ.

ಇಂತಹ ಗಾಡಿಗಳಲ್ಲಿ ಅಲಕ್ಷ್ಯಕ್ಕೆ ಒಳಗಾಗುವ ಭಾಗವೆಂದರೆ ಮುಂದಿನ ಆಕ್ಸಲಿನ ರಬ್ಬರ್ ಬೂಟು.

ಬೂಟಿನ ಕೆಲಸವೇನು?

ಮುಂದಿನ ಚಕ್ರ ಎರಡು ಕೆಲಸ ಮಾಡಬೇಕು: ಎಂಜಿನಿನ ಶಕ್ತಿಯಿಂದ ತಿರುಗಬೇಕು, ಸ್ಟೀರಿಂಗಿಗೆ ತಕ್ಕಂತೆ ಹೊರಳಲೂ ಬೇಕು. ಇದಕ್ಕಾಗಿ ಆಕ್ಸಲ್ ಶಾಫ್ಟಿನ ಹೊರತುದಿಯಲ್ಲಿ ಸಿ.ವಿ. ಜಾಯಿಂಟ್, ಎಂದರೆ ಸಮವೇಗದ ಕೀಲು ಇರುತ್ತದೆ. ಒಂದು ಉಕ್ಕಿನ ಬಟ್ಟಲು, ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಅವು ಓಡಾಡಲು ಜಾಡುಗಳು - ಇದೇ ಅದರ ರಚನೆ. ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ರೂಪಿಸಿದರು. ಶಾಫ್ಟಿನ ಒಳತುದಿಯಲ್ಲಿಯೂ ಒಂದು ಕೀಲಿದ್ದು, ಚಕ್ರ ಮೇಲೆ ಕೆಳಗೆ ಆಡುವಾಗ ಅದು ಹಿಂದೆ ಮುಂದೆ ಸರಿಯುತ್ತದೆ.

ಈ ಕೀಲುಗಳಿಗೆ ಗ್ರೀಸೇ ಜೀವ. ಗ್ರೀಸನ್ನು ಒಳಗೆ ಹಿಡಿದಿಡುವುದು ಮತ್ತು ಕೆಸರನ್ನು ಹೊರಗೆ ತಡೆಯುವುದು ಮಡಿಕೆ ಮಡಿಕೆಯಾದ ರಬ್ಬರ್ ಬೂಟಿನ ಕೆಲಸ. ಬೂಟು ಹರಿದಾಗ ಸೋರಿದ ಗ್ರೀಸಿಗಿಂತ ಒಳಗೆ ಸೇರುವ ನೀರು ಮತ್ತು ಮರಳಿನಿಂದಲೇ ಹೆಚ್ಚು ಹಾನಿ. ಗ್ರೀಸಿನೊಡನೆ ಬೆರೆತ ಮರಳು ಅರದಂತೆ ಗುಂಡುಗಳನ್ನೂ ಜಾಡನ್ನೂ ಸವೆಸುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಅದರ ನೆರೆಯ ಈ ಹಳ್ಳಿಗಳಲ್ಲಿ ಹರಿದ ಬೂಟಿನೊಡನೆ ಒಂದು ಮಳೆಗಾಲ ಓಡಿಸಿದರೆ ಕೀಲು ಉಳಿಯುವ ಆಸೆ ಕಡಿಮೆ. ಬೂಟಿನ ಬೆಲೆ ಅಲ್ಪ. ಕೀಲಿನ ಅಥವಾ ಇಡೀ ಶಾಫ್ಟಿನ ಬೆಲೆ ಅದರ ಹಲವು ಪಟ್ಟು.

ಸೋರಿಕೆಯನ್ನು ಗುರುತಿಸುವ ಬಗೆ

ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೊ ದ್ರಾವಣ ಸಿಂಪಡಿಸಲು ಹೊರಡುವ ಬೆಳೆಗಾರನಿಲ್ಲ. ಮಳೆ ಹಿಡಿಯುವ ಮೊದಲೇ ಶೇಕಡ 1ರ ದ್ರಾವಣ ಕೊನೆಗಳಿಗೆ ಬೀಳಬೇಕು. ಬೂಟಿನ ತಪಾಸಣೆಯೂ ಹಾಗೆಯೇ. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದು ಅಡಿಕೆ ಸಾಗಾಟ ಶುರುವಾಗುವಾಗ ಇನ್ನೊಮ್ಮೆ ನೋಡತಕ್ಕದ್ದು.

1. ಚಕ್ರದ ಒಳಮೈ, ಬ್ರೇಕ್ ಹೋಸ್ ಮತ್ತು ಮಡ್‌ಗಾರ್ಡಿನ ಒಳಭಾಗದಲ್ಲಿ ಕಪ್ಪು ಗ್ರೀಸ್ ಸಿಡಿದ ಗೆರೆ ಇದೆಯೇ ನೋಡಬೇಕು.
2. ಸ್ಟೀರಿಂಗನ್ನು ಪೂರ್ತಿ ತಿರುಗಿಸಿಟ್ಟು, ಎಂಜಿನ್ ನಿಲ್ಲಿಸಿ, ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಬಿರುಕು ಮೊದಲು ಮೂಡುವುದು ಮಡಿಕೆಯ ತಗ್ಗಿನಲ್ಲಿ.
3. ರಬ್ಬರ್ ಚೆನ್ನಾಗಿದ್ದು ಅಂಚಿನಲ್ಲಿ ಮಾತ್ರ ಜಿನುಗುತ್ತಿದ್ದರೆ ಕ್ಲಾಂಪ್ ಸಡಿಲವಾಗಿದೆ ಎಂದರ್ಥ. ಕ್ಲಾಂಪ್ ಬದಲಿಸಿದರೆ ಸಾಕಾಗಬಹುದು.
4. ಗಾಡಿಯನ್ನು ಫೋರ್‌ವೀಲಿಗೆ ಹಾಕಿ, ಸಡಿಲ ಮಣ್ಣಿನ ನೆಲದಲ್ಲಿ ಸ್ಟೀರಿಂಗ್ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಸಬೇಕು. ಕಟಕಟ ಶಬ್ದ ಬಂದರೆ ಹೊರಕೀಲು ಸವೆದಿದೆ. ಏರಿನಲ್ಲಿ ಭಾರ ಎಳೆಯುವಾಗ ಅದುರಿದರೆ ಒಳಕೀಲಿನ ಮೇಲೆ ಸಂಶಯ ಪಡಬೇಕು. ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ಬೇಕೆಂದಾಗ ಮಾತ್ರ ಫೋರ್‌ವೀಲಿಗೆ ಹಾಕುವ ಗಾಡಿಗಳಲ್ಲಿ ಗಟ್ಟಿ ನೆಲದ ತಿರುವು ಗೇರುಗಳಿಗೆ ಕೆಡುಕು.

ಬೂಟೇ, ಕೀಲೇ?

ಶಬ್ದವಿಲ್ಲದೆ, ಗ್ರೀಸನ್ನು ಬೆರಳುಗಳ ನಡುವೆ ಉಜ್ಜಿದಾಗ ನುಣ್ಣಗಿದ್ದರೆ ಬೂಟು ಬದಲಿಸಿದರೆ ಸಾಕು. ಮರಳು ತಾಗಿದರೆ ಕೀಲು ಬಿಚ್ಚಿ, ತೊಳೆದು ನೋಡಿಯೇ ತೀರ್ಮಾನಿಸಬೇಕು. ಗುಂಡಿನಲ್ಲಿ ಗುಳಿ, ಜಾಡಿನಲ್ಲಿ ಬೆರಳಿಗೆ ಸಿಗುವಷ್ಟು ತಗ್ಗು ಕಂಡರೆ ಅಥವಾ ಕಟಕಟ ಶಬ್ದ ಮೊದಲೇ ಶುರುವಾಗಿದ್ದರೆ ಆ ಕೀಲಿಗೆ ಹೊಸ ಬೂಟು ಹಾಕುವುದು ಹಣ ದಂಡ.

ಬದಲಿಸುವ ಕ್ರಮ

ನುರಿತ ಮೆಕ್ಯಾನಿಕ್ ಇದ್ದರೆ ಒಳ್ಳೆಯದು. ಕ್ರಮ ತಿಳಿದಿದ್ದರೆ ಕೆಲಸ ಮಾಡಿಸುವಾಗಲೂ ಅನುಕೂಲ. ಗಾಡಿಯ ಮಾದರಿಗೆ ತಕ್ಕಂತೆ ಸಣ್ಣ ವ್ಯತ್ಯಾಸಗಳಿರುತ್ತವೆ.

1. ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಚಕ್ರದ ನಟ್ಟುಗಳನ್ನೂ ಹಬ್ ನಟ್ಟನ್ನೂ ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು.
2. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬಾರದು. ಚಾಸಿಗೆ ಭದ್ರವಾದ ಸ್ಟ್ಯಾಂಡ್ ಕೊಡಬೇಕು.
3. ಚಕ್ರ ತೆಗೆದು, ಕೆಳಗಿನ ಆರ್ಮಿಗೆ ಜಾಕಿನ ಆಧಾರವಿಟ್ಟ ನಂತರವೇ ಬಾಲ್ ಜಾಯಿಂಟ್ ಬಿಡಿಸಬೇಕು. ಆಧಾರವಿಲ್ಲದೆ ಬಿಡಿಸಿದರೆ ಸ್ಪ್ರಿಂಗಿನ ಒತ್ತಡಕ್ಕೆ ಆರ್ಮ್ ಸಿಡಿದು ಕೈ ಮುರಿಯಬಹುದು. ಬ್ರೇಕಿನ ಕ್ಯಾಲಿಪರನ್ನು ತಂತಿಯಿಂದ ಕಟ್ಟಿಡಬೇಕು, ಹೋಸಿನಲ್ಲಿ ನೇತುಬಿಡಬಾರದು.
4. ಶಾಫ್ಟ್ ಹೊರತೆಗೆದು, ಹಳೆಯ ಬೂಟನ್ನು ಕತ್ತರಿಸಿ, ಲಾಕ್ ರಿಂಗ್ ಬಿಡಿಸಿ ಕೀಲನ್ನು ಬೇರ್ಪಡಿಸಬೇಕು. ಬಡಿಯುವುದಾದರೆ ಮರದ ಅಥವಾ ಹಿತ್ತಾಳೆಯ ಸುತ್ತಿಗೆಯಿಂದ ಮಾತ್ರ.
5. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಒಳಗುಳಿದ ಎಣ್ಣೆ ಹೊಸ ಗ್ರೀಸನ್ನು ತೆಳುಮಾಡುತ್ತದೆ.
6. ಮೊದಲು ಚಿಕ್ಕ ಕ್ಲಾಂಪ್, ಅನಂತರ ಹೊಸ ಬೂಟನ್ನು ಶಾಫ್ಟಿಗೆ ಏರಿಸಬೇಕು. ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿದರೆ ರಬ್ಬರ್ ಗೀರುವುದಿಲ್ಲ.
7. ಬೂಟಿನ ಜೊತೆ ಬರುವ, ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸನ್ನೇ ಬಳಸಬೇಕು. ಗುಂಡುಗಳ ಸಂದಿಗಳಿಗೆ ಒತ್ತಿ ತುಂಬಿ, ಮಿಕ್ಕಿದ್ದನ್ನು ಬೂಟಿನೊಳಗೆ ಹಾಕಬೇಕು. ಸಾಮಾನ್ಯ ಚಾಸಿ ಗ್ರೀಸ್ ಇಲ್ಲಿ ಬಾಳಿಕೆ ಬರುವುದಿಲ್ಲ.
8. ಹೊಸ ಲಾಕ್ ರಿಂಗ್ ಹಾಕಿ ಕೀಲು ಕೂಡಿಸಿ, ಬೂಟಿನ ಅಂಚು ತನ್ನ ಗಾಡಿಯಲ್ಲಿ ಕೂರುವಂತೆ ನೋಡಿ, ಒಳಗಿನ ಗಾಳಿ ಬಿಟ್ಟು ಕ್ಲಾಂಪ್ ಬಿಗಿಯಬೇಕು. ಹಬ್ ನಟ್ಟನ್ನು ತಯಾರಕರು ಹೇಳಿದ ಬಿಗಿಗೆ ತಂದು, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ತೊಳೆದ ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಬೇಕು. ತೋಟದ ಕಪ್ಪಿಗೆ ಚೆಲ್ಲಿದ್ದು ಹಳ್ಳ ಸೇರಿ ತುಂಗೆಗೆ ಹೋಗುತ್ತದೆ.

ಹರಿದ ಬೂಟಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟುವುದುಂಟು. ಮನೆ ಮುಟ್ಟುವವರೆಗೆ ಅದು ಸರಿ. ರಿಪೇರಿಯೆಂದು ತಿಳಿದು ಮರೆಯುವುದು ತಪ್ಪು. ಗ್ರೀಸಾದ ರಬ್ಬರಿಗೆ ಅಂಟು ಹಿಡಿಯುವುದಿಲ್ಲ.

ಹಳೆಯ ಜೀಪುಗಳಲ್ಲಿ

ಹಳೆಯ ಮಹೀಂದ್ರ ಜೀಪುಗಳ ಮುಂದಿನ ಆಕ್ಸಲಿನಲ್ಲಿ ರಬ್ಬರ್ ಬೂಟು ಇಲ್ಲ. ಕೀಲು ಉಂಡೆಯಾಕಾರದ ಉಕ್ಕಿನ ಮನೆಯೊಳಗಿದ್ದು, ಅದರ ಸುತ್ತ ಫೆಲ್ಟಿನ ಸೀಲು ಇರುತ್ತದೆ. ಉಂಡೆಯ ಮೇಲೆ ಗ್ರೀಸ್ ಇಳಿಯುತ್ತಿದ್ದರೆ ಸೀಲು ಬದಲಿಸುವ ಮೊದಲು ಮೂರು ಅಂಶ ನೋಡಬೇಕು. ಉಂಡೆಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ. ನಯವಾದ ಎಮರಿ ಕಾಗದದಿಂದ ಉಜ್ಜಬೇಕು. ಕಿಂಗ್‌ಪಿನ್ ಬೇರಿಂಗ್ ಸವೆದು ಚಕ್ರ ಆಡುತ್ತಿದ್ದರೆ ಸೀಲು ಸರಿಯಾಗಿ ಕೂರದು. ಹೊರಗೆ ಬರುವುದು ತೆಳುವಾದ ಎಣ್ಣೆಯಾದರೆ ಆಕ್ಸಲಿನ ಒಳಸೀಲು ಹೋಗಿ ಗೇರ್ ಆಯಿಲ್ ಬರುತ್ತಿದೆ ಎಂದು ತಿಳಿಯಬೇಕು.

ನಿತ್ಯದ ಎಚ್ಚರಿಕೆ

ತೋಟದಿಂದ ಬಂದ ಮೇಲೆ ಶಾಫ್ಟಿಗೆ ಸಿಕ್ಕಿದ ಕಡ್ಡಿ, ಬಳ್ಳಿ, ತಂತಿ ತೆಗೆಯಬೇಕು. ಔಷಧಿ ಹೊಡೆಯುವ ಪಂಪಿನ ಬಿರುಸಾದ ನೀರನ್ನು ಬೂಟಿನ ಅಂಚಿಗೆ ನೇರವಾಗಿ ಬಿಡಬಾರದು. ಮೈಲುತುತ್ತದ ದ್ರಾವಣ ಸಾಗಿಸಿದ ದಿನ ಗಾಡಿಯ ತಳ ತೊಳೆಯಬೇಕು, ಏಕೆಂದರೆ ಅದು ಉಕ್ಕನ್ನು ತಿನ್ನುತ್ತದೆ.

ಗಾಡಿ ಕೆಟ್ಟು ನಿಲ್ಲುವುದು ಸಾಮಾನ್ಯವಾಗಿ ಹೆಚ್ಚು ಭಾರ ಎಳೆಯುವಾಗ, ದಾರಿ ಹೆಚ್ಚು ಹಾಳಾದಾಗ. ಎಂದರೆ ಅದು ಅತ್ಯಗತ್ಯವಾದಾಗಲೇ. ಮಳೆಗೆ ಮುಂಚಿನ ಅರ್ಧ ಗಂಟೆಯ ತಪಾಸಣೆಯಿಂದ ಇದನ್ನು ತಡೆಯಬಹುದು. ಬೆಳೆಗಾರರು ಔಷಧಿ, ಸುಣ್ಣ ಹೊಂದಿಸಿಕೊಳ್ಳುವ ದಿನವೇ ಬೂಟನ್ನೂ ನೋಡುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಲಾಭದಾಯಕ.