ಸರ್ಕಾರಿ ದವಾಖಾನೆ ನಮ್ಮದು

ಪಾಲಬಾವಿಯ ಅಕ್ಕತಂಗಿಯರೇ,

“ರೊಕ್ಕ ಇಲ್ಲ, ದವಾಖಾನಿಗೆ ಹೆಂಗ ಹೋಗಲಿ?” ಎಂದು ಹೆರಿಗೆ ಬ್ಯಾನಿಯಲ್ಲಿ ಮನೆಯಲ್ಲೇ ಕೂರಬೇಡಿರಿ. ತಡವಾದರೆ ತಾಯಿಗೂ ಕೂಸಿಗೂ ಕುತ್ತು.

ನಾವು ಕೊಳ್ಳುವ ಸಾಬೂನಿನಲ್ಲೂ ತೆರಿಗೆ ಇದೆ. ಆ ತೆರಿಗೆಯಿಂದಲೇ ಸರ್ಕಾರಿ ದವಾಖಾನೆ ನಡೆಯುತ್ತದೆ. 2011ರಿಂದ ಅಲ್ಲಿ ಹೆರಿಗೆ ಪುಕ್ಕಟೆ. ಆಪರೇಷನ್, ಔಷಧ, ರಕ್ತ, ಊಟಕ್ಕೂ ರೊಕ್ಕ ಕೊಡಬೇಕಿಲ್ಲ.

ಬ್ಯಾನಿ ಶುರುವಾದರೆ 108ಕ್ಕೆ ಫೋನ್ ಮಾಡಿರಿ. ಊರ ಹೆಸರು, ತೋಟದ ಗುರುತು ಹೇಳಿರಿ. ತಾಯಿ ಕಾರ್ಡು ಕೈಯಲ್ಲಿ ಇರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗದಿದ್ದರೆ ರಾಯಬಾಗದ ತಾಲೂಕು ಆಸ್ಪತ್ರೆ ಇದೆ. ಅಲ್ಲಿಗೆ ಕಳಿಸುವ ಗಾಡಿಯೂ ಪುಕ್ಕಟೆ.

ಯಾರಾದರೂ ರೊಕ್ಕ ಕೇಳಿದರೆ ಅಂಜಬೇಡಿರಿ. “ಯಾತಕ್ಕ ರೀ?” ಎಂದು ಕೇಳಿರಿ. ಗೋಡೆಯ ಮೇಲಿನ ಫಲಕ ತೋರಿಸಿರಿ. ಈಗ ನಮಗೂ ಓದಲು ಬರುತ್ತದೆ.