ಹೊಟ್ಟೆಯ ಮೇಲಿನ ಚೀಲ, ಕಾಡಿನ ಅಂಟು

ಗುಡ್ಡದಲ್ಲಿ ದನ ಕಾಯ್ದವರು ಒಂದು ಮರ ಕಂಡಿರಬಹುದು. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ, ಕಾಗದದಂಥ ಬಿಳಿ ತೊಗಟೆ ಹೊತ್ತು ನಿಂತಿರುತ್ತದೆ. ಬೆಳದಿಂಗಳಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ತೆಲುಗಿನವರು ಅದನ್ನು ತಪಸಿ ಎನ್ನುತ್ತಾರೆ, ಮರಾಠಿಯವರು ಕಾಂಡೋಳ ಎನ್ನುತ್ತಾರೆ. ಅದರ ಕಾಂಡದಿಂದ ಒಸರುವ ಅಂಟಿಗೆ ವ್ಯಾಪಾರದಲ್ಲಿ ಕರಾಯಾ ಗೋಂದು ಎಂದು ಹೆಸರು. ಆ ಅಂಟಿಗೂ ಕರುಳಿನ ಶಸ್ತ್ರಚಿಕಿತ್ಸೆಗೂ ಇರುವ ನಂಟನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ದೊಡ್ಡ ಕರುಳಿನಲ್ಲೋ ಗುದನಾಳದಲ್ಲೋ ಕ್ಯಾನ್ಸರ್ ಗಡ್ಡೆಯಾದಾಗ, ಇಲ್ಲವೆ ಮಾಯದ ಹುಣ್ಣು ಹಬ್ಬಿದಾಗ, ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಕೆಲವರಿಗೆ ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯಬೇಕಾಗುತ್ತದೆ. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದ ಬಂದು ಚೀಲಕ್ಕೆ ಬೀಳುತ್ತದೆ. ಈ ಮಾತು ಕಿವಿಗೆ ಬಿದ್ದೊಡನೆ, "ಸತ್ತರೂ ಸರಿ, ಅದೊಂದು ಬೇಡ" ಎಂದು ಆಸ್ಪತ್ರೆಯಿಂದ ಎದ್ದು ಬರುವವರಿದ್ದಾರೆ. ಮನೆಗೆ ಬಂದರೆಂದು ಗಡ್ಡೆ ಕಾಯುತ್ತ ಕೂಡುವುದಿಲ್ಲ.

ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಸಣ್ಣ ಕರುಳಿನಿಂದ ಬರುವ ನೀರುಮಲದಲ್ಲಿ ಜೀರ್ಣರಸ ಇರುತ್ತದೆ. ಅನ್ನ ಕರಗಿಸುವ ಆ ರಸ ಚರ್ಮವನ್ನೂ ತಿನ್ನುತ್ತದೆ. ಕೆಂಡದಂತೆ ಉರಿಯುವ ಹಸಿ ಚರ್ಮಕ್ಕೆ ಚೀಲ ಅಂಟುವುದಿಲ್ಲ. ಅಂಟದಿದ್ದರೆ ಇನ್ನಷ್ಟು ಸೋರುತ್ತದೆ. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬ ವೈದ್ಯರು ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದಂತೆ ಹೊರಮಡಚಿ ಹೊಲಿಯುವ ಕ್ರಮವನ್ನು ವಿವರಿಸಿದರು. ಅರ್ಧ ಕಷ್ಟ ಅದರಿಂದ ನೀಗಿತು. ಉಳಿದ ಅರ್ಧವನ್ನು ನೋಡಿದವರು ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ರೂಪರ್ಟ್ ಟರ್ನ್‌ಬುಲ್. 1921ರಲ್ಲಿ ಆರಂಭವಾದ ಆ ಆಸ್ಪತ್ರೆಯಲ್ಲಿ ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯುತ್ತವೆ. ಕಟ್ಟಿಸಿದ ಹಲ್ಲು ಜಾರದಂತೆ ಹಿಡಿಯಲು ಬಳಸುತ್ತಿದ್ದ ಕರಾಯಾ ಪುಡಿ ಒದ್ದೆ ಚರ್ಮಕ್ಕೂ ಹಿಡಿದುಕೊಳ್ಳುತ್ತದೆ ಎಂಬುದನ್ನು ಅವರು ಗಮನಿಸಿದರು. ನಮ್ಮ ಕಾಡಿನ ಅಂಟು ಅಲ್ಲಿಯ ರೋಗಿಗಳ ಹೊಟ್ಟೆಯ ಚರ್ಮ ಕಾಯಿತು! ಈಗ ಅದಕ್ಕಿಂತ ಒಳ್ಳೆಯ ಅಂಟುಬಿಲ್ಲೆಗಳು ಬಂದಿವೆ; ದಾರಿ ತೋರಿಸಿದ್ದು ಮಾತ್ರ ಅದೇ.

ಟರ್ನ್‌ಬುಲ್ ಇನ್ನೊಂದು ಕೆಲಸ ಮಾಡಿದರು. ನನಗೆ ಹೆಚ್ಚು ಹಿಡಿಸುವುದು ಅದೇ. ನಾರ್ಮಾ ಗಿಲ್ ಎಂಬ ಹೆಂಗಸು ಕರುಳಿನ ಹುಣ್ಣಿನಿಂದ ಸಾಯುವ ಸ್ಥಿತಿಗೆ ಬಂದಿದ್ದರು. 1954ರಲ್ಲಿ ಟರ್ನ್‌ಬುಲ್ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದರು. ಚೇತರಿಸಿಕೊಂಡ ಆಕೆ, ತಮ್ಮಂತೆಯೇ ಚೀಲ ಕಟ್ಟಿಕೊಂಡವರಿಗೆ ಧೈರ್ಯ ಹೇಳತೊಡಗಿದರು. ಆಕೆ ವೈದ್ಯೆಯಲ್ಲ, ದಾದಿಯೂ ಅಲ್ಲ. 1958ರಲ್ಲಿ ಟರ್ನ್‌ಬುಲ್ ಆಕೆಯನ್ನು ಕ್ಲಿನಿಕ್ಕಿನ ಕೆಲಸಕ್ಕೇ ಕರೆದುಕೊಂಡರು. ಚೀಲ ಕಟ್ಟಿಕೊಂಡು ಅಡಿಗೆ, ಸಂಸಾರ, ಪ್ರಯಾಣ ಹೇಗೆಂಬುದು ಕತ್ತಿ ಹಿಡಿದವರಿಗೆ ಎಲ್ಲಿಂದ ತಿಳಿಯಬೇಕು? 1961ರಲ್ಲಿ ಇಬ್ಬರೂ ಸೇರಿ ಇದಕ್ಕೆಂದೇ ತರಬೇತಿ ಶಾಲೆ ತೆರೆದರು. ಈಗ ಇದು ದಾದಿಯರ ವಿಶೇಷ ಶಿಕ್ಷಣವಾಗಿ ಬೆಳೆದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲೂ ಸ್ಟೋಮಾ ಕ್ಲಿನಿಕ್ ಇದೆ. ಸೋಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಆ ಊರಿನ ರೈಲು ಹೊಸದೇನಲ್ಲ.

ಎಲ್ಲರಿಗೂ ಈ ಚೀಲ ಬೇಕಾಗುವುದಿಲ್ಲ. ಬೇಕಾದವರಲ್ಲೂ ಅನೇಕರಿಗೆ ಒಳಹೊಲಿಗೆ ಕೂಡಿದ ಮೇಲೆ ಸ್ಟೋಮಾ ಮುಚ್ಚುತ್ತಾರೆ. ಬೇಗ ಹೋದಷ್ಟೂ ಕತ್ತರಿಸುವುದು ಕಡಿಮೆಯಾಗಬಹುದು. ಆದರೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನಾವೇ ತೀರ್ಮಾನಿಸಿ, ಗೋಡೆ ಮೇಲಿನ ಜಾಹೀರಾತು ಓದಿಕೊಂಡು ಹೋಗುತ್ತೇವೆ. ಮೂಲವ್ಯಾಧಿಯೇ ಇರಬಹುದು, ಇಲ್ಲದಿದ್ದರೆ? ಗುದದ್ವಾರದ ಸಮೀಪದ ಗಡ್ಡೆ ವೈದ್ಯರ ಬೆರಳಿಗೇ ಸಿಗುತ್ತದೆ. ನಿಮಿಷದ ಕೆಲಸ. ನಾಚಿಕೆಯಿಂದ ಆ ನಿಮಿಷವನ್ನು ತಿಂಗಳುಗಟ್ಟಲೆ ಮುಂದೂಡುತ್ತೇವೆ.

ಇನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿದವರಿಗೆ ಒಂದು ಮಾತು. ಸ್ಟೋಮಾ ಎಲ್ಲಿ ಬರಬೇಕೆಂದು ಹಿಂದಿನ ದಿನವೇ ಹೊಟ್ಟೆಯ ಮೇಲೆ ಗುರುತು ಹಾಕುವುದು ಒಳ್ಳೆಯ ಪದ್ಧತಿ. ಮಲಗಿದಾಗ ಸಪಾಟಾಗಿ ಕಂಡ ಜಾಗ ಕುಕ್ಕರಗಾಲಲ್ಲಿ ಕೂತಾಗ ಮಡಿಕೆಯೊಳಗೆ ಹೋಗಿಬಿಡುತ್ತದೆ. ಆದ್ದರಿಂದ ಕೂತು, ನಿಂತು, ಬಗ್ಗಿ ತೋರಿಸಿ. ಧೋತರ ಎಲ್ಲಿ ಬಿಗಿಯುತ್ತೀರಿ, ಕಚ್ಚೆ ಸೀರೆಯ ಗಂಟು ಎಲ್ಲಿ ಬರುತ್ತದೆ, ಉಡಿದಾರ ಎಲ್ಲಿದೆ, ಬುಟ್ಟಿ ಯಾವ ಸೊಂಟಕ್ಕೆ ಹೊರುತ್ತೀರಿ, ಎಲ್ಲವನ್ನೂ ಹೇಳಿ. ನಗರದ ಯುವ ವೈದ್ಯರಿಗೆ ಇದು ಹೊಳೆಯದಿರಬಹುದು. ಅಲ್ಲಿಯ ಮಾತು ತಮಿಳೋ ತೆಲುಗೋ ಮರಾಠಿಯೋ, ನಿಮಗೆ ಬರುತ್ತದಲ್ಲ, ಅದರಲ್ಲೇ ಹೇಳಿ. ಮನೆಯ ಹಿರಿಯರಿಗೆ ಬರದಿದ್ದರೆ ಬರುವ ಮಗಳನ್ನೋ ಸೊಸೆಯನ್ನೋ ಆ ದಿನ ಜೊತೆಗೆ ಕರೆದೊಯ್ಯಿರಿ. ಗುರುತು ಹಾಕದಿದ್ದರೆ, "ಹಾಕುವುದಿಲ್ಲವೇ?" ಎಂದು ನೀವೇ ಕೇಳಿ.